ಶರಣ ವೈದ್ಯ ಸಂಗಣ್ಣನವರು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಪಟ್ಟಣವು ಶಿವಶರಣರ ನೆಲೆವೀಡಾಗಿದ್ದಾಗ ಮಡಿವಾಳರೂ ಅಂಬಿಗರೂ ನೇಕಾರರೂ ತಮ್ಮ ತಮ್ಮ ಕಾಯಕದಿಂದಲೇ ಲಿಂಗಜಂಗಮರನ್ನು ಅರ್ಚಿಸಿ ಧನ್ಯರಾದುದು ಭಕ್ತಸಮೂಹಕ್ಕೆ ವಿದಿತವೇ ಇದೆ. ಆ ಸಮೂಹದಲ್ಲಿ ರೋಗಿಗಳ ಸೇವೆಯನ್ನೇ ಕಾಯಕವಾಗಿ ಕೈಕೊಂಡ ಮಹನೀಯರು ವೈದ್ಯ ಸಂಗಣ್ಣನವರು. ಕ್ರಿ.ಶ. 1160ರ ಸುಮಾರಿನವರಾದ ಇವರ ಚರಿತ್ರವು ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪ್ರಾಂತದ ಭಕ್ತರಿಗೆ ವಿಶೇಷವಾಗಿ ಮನನೀಯವಾದುದು. ಅಜಗಣ್ಣ-ಮುಕ್ತಾಯಕ್ಕರ ಲಕ್ಕುಂಡಿಯೂ ಆದಯ್ಯನವರ ಪುಲಿಗೆರೆಯೂ ಈ ನಾಡಿನವೇ. ಔಷಧಿಗಳ ಭಂಡಾರವಾದ ಕಪ್ಪತಗುಡ್ಡವೂ ನಮ್ಮ ಕಣ್ಣಮುಂದೆಯೇ ನಿಂತಿದೆ.

ಸಂಗಣ್ಣನವರ ವಚನಾಂಕಿತವು ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ ಎಂಬುದು. ಮರುಳಶಂಕರದೇವರು ಕಲ್ಯಾಣದ ಪ್ರಸಾದಕುಂಡದ ಬಳಿ ಹನ್ನೆರಡು ವರುಷ ಯಾರ ಅರಿವಿಗೂ ಬಾರದೆ ಸೇವೆಗೈದವರು. ಸೊನ್ನಲಿಗೆಯ ಸಿದ್ಧರಾಮರು ಸಕಲ ಜೀವರಾಶಿಗಾಗಿ ಕೆರೆಯನ್ನು ಕಟ್ಟಿಸಿದವರು. ಒಬ್ಬರಲ್ಲಿ ಮೌನಸೇವೆ, ಮತ್ತೊಬ್ಬರಲ್ಲಿ ಲೋಕೋಪಕಾರ. ಈ ಎರಡು ಹೆಸರುಗಳನ್ನೂ ಒಂದೇ ಅಂಕಿತದಲ್ಲಿ ಧರಿಸಿದ ವೈದ್ಯರ ಮನೋಧರ್ಮವು ಎಂತಹದಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇವರ 21 ವಚನಗಳು ಉಳಿದುಬಂದಿವೆ. ರೋಗ, ರೋಗಲಕ್ಷಣ, ಔಷಧ ಎಂಬ ವೃತ್ತಿಯ ಮಾತುಗಳೇ ಅವುಗಳಲ್ಲಿ ಅನುಭಾವದ ಮಾತುಗಳಾಗಿ ಪರಿಣಮಿಸಿವೆ. ದೇಹದ ವ್ಯಾಧಿಯನ್ನು ಬಲ್ಲವನು ಭವದ ವ್ಯಾಧಿಯನ್ನೂ ಅರಿಯಬೇಕೆಂಬುದೇ ಅವರ ಬೋಧೆಯ ತಿರುಳು. ಹಾಗೆಂದು ಭಕ್ತಿಯಿದ್ದಲ್ಲಿ ಔಷಧವು ಬೇಡವೆಂದು ಅರ್ಥಮಾಡಲಾಗದು. ಔಷಧ ಕೊಡುವುದನ್ನೇ ಕಾಯಕವಾಗಿ ನಡೆಸಿದ ಅವರ ಬಾಳೇ ಅದಕ್ಕೆ ಉತ್ತರ.

ಅದೇ ಕಾಲದಲ್ಲಿ ಜಗದ್ದಳ ಸೋಮನಾಥನು ಮದ್ಯಮಾಂಸಗಳನ್ನು ವರ್ಜಿಸಿದ ವೈದ್ಯಪದ್ಧತಿಯನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಗ್ರಂಥದಲ್ಲಿ ಕನ್ನಡಿಸಿದನು. ಹೀಗೆ ವೈದ್ಯದ ಮಾತು ಜನರ ನುಡಿಯಲ್ಲಿ ಬಂದಿತು. ಆದರೂ ಮದ್ದಿನ ಹೆಸರನ್ನು ಹೇಳಿದರೆ ಅದರ ಗುಣ ಕೆಡುವುದೆಂಬ ನಂಬಿಕೆಯು ನಮ್ಮ ಹಳ್ಳಿಗಳಲ್ಲಿ ಬಹುಕಾಲ ಉಳಿದು, ಎಷ್ಟೋ ನಾಟಿವೈದ್ಯರ ಜ್ಞಾನವು ಅವರೊಡನೆಯೇ ಮಣ್ಣುಗೂಡಿತು.

ವಾಸ್ತವದಲ್ಲಿ ಈ ಶಾಸ್ತ್ರದಲ್ಲಿ ಗುಟ್ಟಿಲ್ಲ, ಶಿಸ್ತಿದೆ. ಹಸಿ ರಸ, ಅರೆದ ಕಲ್ಕ, ಕುದಿಸಿದ ಕ್ವಾಥ, ತಣ್ಣೀರಿನಲ್ಲಿ ನೆನೆಸಿದ ಹಿಮ, ಬಿಸಿನೀರಿನಲ್ಲಿ ಅದ್ದಿದ ಫಾಂಟ ಎಂದು ಕಷಾಯಗಳು ಐದು ಬಗೆ. ಕ್ವಾಥಕ್ಕೆ ಒಂದು ಪಾಲು ಔಷಧಿಗೆ 16 ಪಾಲು ನೀರೆರೆದು ಎಂಟನೆಯ ಒಂದು ಪಾಲಿಗೆ ಇಳಿಸಬೇಕೆಂದು ಶಾರ್ಙ್ಗಧರನು ವಿಧಿಸಿದ್ದಾನೆ. ಕಾಡಿನ ಗಿಡಗಳ ಹೆಸರು ರೂಪಗಳನ್ನು ಕುರಿದನಗಳನ್ನು ಮೇಯಿಸುವವರು ಬಲ್ಲರು, ಪ್ರಯೋಗವನ್ನು ಬಲ್ಲವನೇ ವೈದ್ಯನೆಂಬುದು ಚರಕರ ಅಭಿಮತ.

ಅರ್ವಾಚೀನ ಶಾಸ್ತ್ರವೂ ಈ ಮೂಲಿಕೆಗಳನ್ನು ಕಡೆಗಣಿಸಲಿಲ್ಲ. ನಮ್ಮ ಬೇಲಿಗಳಲ್ಲಿ ಬೆಳೆಯುವ ಆಡುಸೋಗೆಯನ್ನು ಹಿರಿಯರು ಕೆಮ್ಮು ಕಫಗಳಿಗೆ ಕೊಡುತ್ತಿದ್ದರು. ಅದರಲ್ಲಿರುವ ವ್ಯಾಸಿಸಿನ್ ಎಂಬ ಸತ್ವದ ಮಾದರಿಯಿಂದಲೇ ಬ್ರೋಮ್‌ಹೆಕ್ಸಿನ್ ಎಂಬ ಕಫಹಾರಿ ಔಷಧವು ಸಿದ್ಧವಾಯಿತು. ಸರ್ಪಗಂಧಿಯು ರಕ್ತದ ಒತ್ತಡವನ್ನು ತಗ್ಗಿಸುವುದನ್ನು 1931ರಲ್ಲಿ ಕಲಕತ್ತೆಯ ವೈದ್ಯರಾದ ಸೇನ್ ಮತ್ತು ಬೋಸರು ತಿಳಿಸಿದರು. 1952ರಲ್ಲಿ ಅದರ ಸತ್ವವಾದ ರಿಸರ್ಪಿನ್ ಬೇರ್ಪಟ್ಟಿತು. ಆದರೆ ಅದೇ ಸತ್ವವು ಪ್ರಮಾಣ ಮೀರಿದರೆ ರೋಗಿಯನ್ನು ಘೋರವಾದ ಮನೋವಿಷಾದಕ್ಕೆ ತಳ್ಳುವುದೂ ಕಂಡುಬಂದಿತು. ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು; ಗಿಡದ ಗುರುತು, ಪ್ರಮಾಣ, ರೋಗಿಯ ಬಲಾಬಲ ಈ ಮೂರನ್ನೂ ಅರಿಯದೆ ಕೊಟ್ಟ ಅಮೃತವೂ ವಿಷವಾದೀತು.

ಕಲ್ಯಾಣದ ವಿಪ್ಲವದಲ್ಲಿ ಶರಣರು ಚದುರಿದರೂ ಅವರ ನುಡಿಗಳು ತಾಳೆಯೋಲೆಗಳಲ್ಲಿ ಅಡಗಿ ಮಠಮನೆಗಳ ಜಗುಲಿಯ ಮೇಲೆ ಬದುಕಿದವು. ಫ.ಗು. ಹಳಕಟ್ಟಿಯವರಂತಹ ತಪಸ್ವಿಗಳು ಹಳ್ಳಿಹಳ್ಳಿ ತಿರುಗಿ ಕಟ್ಟುಗಳನ್ನು ಕೂಡಿಸಿದ್ದರಿಂದ ವಚನವಾಙ್ಮಯವು ಬೆಳಕು ಕಂಡಿತು. ವಚನದ ಕಟ್ಟುಗಳನ್ನು ಕಾದ ಮಠಗಳು ವನಸ್ಪತಿಯನ್ನೂ ಕಾಯಬಲ್ಲವು.

ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾಯಿತು. ಅಲ್ಲಿಂದ ಬೇರು ಬಳ್ಳಿಗಳನ್ನು ಕಿತ್ತುತರುವುದು ಸಲ್ಲದು. ಆದುದರಿಂದ ಭಕ್ತರು ಮನೆಯ ಹಿತ್ತಿಲಲ್ಲಿ, ಮಠದ ಆವರಣದಲ್ಲಿ ಬಿಲ್ವದ ಜೊತೆಗೆ ಆಡುಸೋಗೆ, ಅಮೃತಬಳ್ಳಿ, ಲಕ್ಕಿ, ತುಂಬೆಗಳನ್ನು ಬೆಳೆಸಲಿ. ಹಿರಿಯರು ಬಲ್ಲ ಮದ್ದುಗಳನ್ನು ಬರೆದಿಟ್ಟು ಅವುಗಳ ಗುಣದೋಷಗಳನ್ನು ಶಾಸ್ತ್ರಜ್ಞರಿಂದ ಪರೀಕ್ಷಿಸಲಿ. ಇದುವೇ ಸಂಗಣ್ಣನವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಪುಷ್ಪಾಂಜಲಿ. ಸರ್ವರಿಗೂ ಆರೋಗ್ಯಭಾಗ್ಯವು ಲಭಿಸಲೆಂದು ಶ್ರೀಗುರುವಿನ ಚರಣಗಳಲ್ಲಿ ಪ್ರಾರ್ಥಿಸುವೆವು.