ಸಿಂಹನಿಷ್ಕ್ರೀಡಿತ ವ್ರತವೂ ಆಚಾರ್ಯ ಶಾಂತಿಸಾಗರರೂ

ಭಗವಾನ್ ಮಹಾವೀರರ ಲಾಂಛನವು ಸಿಂಹ. ಇದನ್ನು ಕೇವಲ ಪರಾಕ್ರಮದ ಗುರುತೆಂದು ಭಾವಿಸಬಾರದು. ಪೂರ್ವಭವವೊಂದರಲ್ಲಿ ಆ ಜೀವವು ಸಿಂಹವಾಗಿದ್ದಾಗ ಚಾರಣ ಮುನಿಗಳ ಉಪದೇಶದಿಂದ ಸಮ್ಯಕ್ತ್ವವನ್ನು ಪಡೆದು ವ್ರತ ಸ್ವೀಕರಿಸಿತೆಂದು ಉತ್ತರಪುರಾಣವು ನಿರೂಪಿಸುತ್ತದೆ. ಮಾಂಸದ ಹೊರತು ಅನ್ಯ ಆಹಾರವನ್ನರಿಯದ ಆ ಪ್ರಾಣಿಗೆ ಅಹಿಂಸೆಯೆಂದರೆ ನಿರಾಹಾರವೇ ಆಯಿತು. ಉಪವಾಸದಲ್ಲಿಯೇ ಅದು ದೇಹವನ್ನು ತ್ಯಜಿಸಿತು. ಇನ್ನೊಬ್ಬರನ್ನು ಗೆಲ್ಲುವ ಬಲವು ತನ್ನನ್ನೇ ಗೆಲ್ಲುವ ಬಲವಾಗಿ ಪರಿಣಮಿಸಿದ್ದೇ ಸಿಂಹಲಾಂಛನದ ಮರ್ಮ.

ಈ ಸಿಂಹವೃತ್ತಿಯನ್ನು ನಮ್ಮ ಸೀಮೆಯ ಜನ ಕಣ್ಣಾರೆ ಕಂಡದ್ದು ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರಲ್ಲಿ. ಅವರು 1872ರಲ್ಲಿ ತಾಯಿಯ ತವರಾದ ಯಳಗೂಡದಲ್ಲಿ ಜನಿಸಿದರು. ಅವರ ಊರು ವೇದಗಂಗಾ-ದೂಧಗಂಗಾ ನದಿಗಳ ಸಂಗಮದ ಭೋಜ. ಹಿಂದೆ ಚಿಕ್ಕೋಡಿ ತಾಲೂಕಿನಲ್ಲಿದ್ದ ಆ ಗ್ರಾಮ ಈಗ ನಿಪ್ಪಾಣಿ ತಾಲೂಕಿಗೆ ಸೇರಿದೆ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಪೂರ್ವಾಶ್ರಮದ ಹೆಸರು ಸಾತಗೌಡ. ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ವಿವಾಹವಾಯಿತು; ಕೆಲವೇ ತಿಂಗಳಲ್ಲಿ ಆ ಬಾಲಿಕೆ ತೀರಿಕೊಂಡಳು. ಮುಂದೆ ಅವರು ಮರುವಿವಾಹಕ್ಕೆ ಒಪ್ಪಲಿಲ್ಲ. ತಂದೆತಾಯಿಗಳ ಸೇವೆಯನ್ನು ಪೂರೈಸಿದ ಮೇಲೆ ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆಯನ್ನೂ, 1920ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ಮುನಿದೀಕ್ಷೆಯನ್ನೂ ಪಡೆದರು.

ಆ ದಿನಗಳಲ್ಲಿ ಮುನಿಗಳ ಆಹಾರದ ಮನೆಯನ್ನು ಮುಂಚಿತವಾಗಿಯೇ ಗೊತ್ತುಮಾಡುವ ಪದ್ಧತಿ ಬೆಳೆದುಬಂದಿತ್ತು. ಶಾಂತಿಸಾಗರರು ಇದನ್ನು ಒಪ್ಪದೆ ಶಾಸ್ತ್ರೋಕ್ತ ಚರ್ಯೆಗೆ ಹೊರಟರು. ವಿಧಿ ಕೂಡಿಬಾರದ ದಿನ ಉಪವಾಸವೇ ಗತಿ. ಮುನಿಧರ್ಮವು ಕ್ಷೀಣಿಸಿದ್ದ ಆ ಕಾಲದಲ್ಲಿ ಈ ಕಠಿಣ ನಿಲುವಿನಿಂದಲೇ ದಿಗಂಬರ ಪರಂಪರೆ ಪುನಃ ಚೇತರಿಸಿತು. 1924ರಲ್ಲಿ ಸಮಡೋಳಿಯಲ್ಲಿ ಅವರಿಗೆ ಆಚಾರ್ಯಪದ ಪ್ರಾಪ್ತವಾಯಿತು. ತರುವಾಯ ಸಂಘಸಮೇತ ಸಮ್ಮೇದಶಿಖರದವರೆಗೂ ವಿಹರಿಸಿದರು.

ಅವರು ಆಚರಿಸಿದ ಅನೇಕ ವ್ರತಗಳಲ್ಲಿ ಸಿಂಹನಿಷ್ಕ್ರೀಡಿತವೂ ಒಂದು. ಸಿಂಹವು ಮುಂದೆ ನಡೆಯುತ್ತ ಹಿಂದಿರುಗಿ ನೋಡುವಂತೆ ಈ ವ್ರತದ ಕ್ರಮವಿದೆ. ಜಘನ್ಯ ವಿಧಿಯಲ್ಲಿ 1, 2, 1, 3, 2, 4, 3, 5, 4, 5 ಹೀಗೆ ಉಪವಾಸಗಳು ಏರುತ್ತವೆ. ಅನಂತರ ಅದೇ ಕ್ರಮದಲ್ಲಿ ಇಳಿಯುತ್ತವೆ. ಪ್ರತಿಯೊಂದರ ಕೊನೆಗೆ ಒಂದು ಪಾರಣೆ. ಒಟ್ಟು 60 ಉಪವಾಸ, 20 ಪಾರಣೆ, 80 ದಿನ. ಮಧ್ಯಮದಲ್ಲಿ 153 ಉಪವಾಸ, 33 ಪಾರಣೆ. ಉತ್ಕೃಷ್ಟದಲ್ಲಿ 496 ಉಪವಾಸ, 61 ಪಾರಣೆ. ಎರಡು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುವ ಈ ನಡೆಯಲ್ಲಿ ತಪಸ್ವಿಯು ತನ್ನ ಪರಿಣಾಮಗಳನ್ನು ಪರೀಕ್ಷಿಸಿಕೊಳ್ಳುತ್ತಾನೆ. ಏರಿದೆನೆಂಬ ಅಹಂಕಾರಕ್ಕೆ ಇಲ್ಲಿ ಆಸ್ಪದವಿಲ್ಲ.

ಆಚಾರ್ಯರ ಅಂತ್ಯವೂ ಇದೇ ವಿವೇಕದಿಂದ ಕೂಡಿತ್ತು. ವೃದ್ಧಾಪ್ಯದಲ್ಲಿ ದೃಷ್ಟಿ ಮಂದವಾಯಿತು. ನಡೆವ ದಾರಿಯ ಸೂಕ್ಷ್ಮ ಜೀವಿ ಕಾಣದಿದ್ದರೆ ಈರ್ಯಾಸಮಿತಿ ಪಾಲನೆಯಾಗುವುದೆಂತು? ವ್ರತವೋ ದೇಹವೋ ಎಂಬ ಪ್ರಶ್ನೆ ಎದುರಾದಾಗ ಅವರು ವ್ರತವನ್ನು ಉಳಿಸಿಕೊಂಡರು. 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಆರಂಭಿಸಿ, ಶಿಷ್ಯ ವೀರಸಾಗರರಿಗೆ ಆಚಾರ್ಯಪದವನ್ನು ವಹಿಸಿ, 36ನೆಯ ದಿನ, ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು.

ಕಬ್ಬೂರ, ಚಿಕ್ಕೋಡಿ, ಭೋಜದ ನಮ್ಮ ಮನೆಗಳಲ್ಲಿ ಅಷ್ಟಮಿ-ಚತುರ್ದಶಿಗಳಂದು ಏಕಾಶನ ಮಾಡುವ ಶ್ರಾವಕ-ಶ್ರಾವಿಕೆಯರಿಗೆ ಸಿಂಹನಿಷ್ಕ್ರೀಡಿತವು ಶಕ್ತಿಗೆ ಮೀರಿದ್ದಿರಬಹುದು. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ವ್ರತ ಹಿಡಿಯಬೇಕೆಂಬುದೇ ಶಾಸ್ತ್ರದ ಅಭಿಪ್ರಾಯ. ಆದರೆ ಹಿಂದಿರುಗಿ ನೋಡುವ ಸಿಂಹದ ಆ ಒಂದು ಗುಣ ಎಲ್ಲರಿಗೂ ಸಾಧ್ಯ. ಪಾರಣೆಗೆ ಕೂಡುವ ಮುನ್ನ ಇಂದಿನ ಉಪವಾಸದಿಂದ ನನ್ನ ಕ್ರೋಧ ಎಷ್ಟು ಕುಂದಿತು, ಲೋಭ ಎಷ್ಟು ಇಳಿಯಿತು ಎಂದು ಒಂದು ಕ್ಷಣ ನೋಡಿಕೊಂಡರೆ, ಒಂದೇ ದಿನದ ವ್ರತವೂ ಸಾರ್ಥಕವಾದೀತು.