ನಡುವೆ ನಿಂತ ಜನರಲ್ ತಿಮ್ಮಯ್ಯ

ಟಿಕೋಟಾದಿಂದ ಬರುವ ಬಸ್ಸಿನಲ್ಲಿ ಗೆಳೆಯರಿಬ್ಬರು ಕೈಕೈ ಮಿಲಾಯಿಸಿದಾಗ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಆಮೇಲೆ ನೆನಪಾದವರು ಜನರಲ್ ತಿಮ್ಮಯ್ಯ.

ಕೊಡಂದೆರ ಸುಬ್ಬಯ್ಯ ತಿಮ್ಮಯ್ಯ 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. 1953ರಲ್ಲಿ ಕೊರಿಯಾ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರಾದರು. 1957ರಿಂದ 1961ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರು. ಆಫ್ರಿಕಾದ ಕಾಂಗೋ ಒಳಜಗಳದಲ್ಲಿ ಹೊತ್ತಿ ಉರಿಯುತ್ತಿದ್ದಾಗ, 1961ರ ಮಾರ್ಚ್‌ನಲ್ಲಿ ಭಾರತದ ಬ್ರಿಗೇಡ್ ವಿಶ್ವಸಂಸ್ಥೆಯ ಶಾಂತಿಪಡೆ ಸೇರಿದ್ದು ಅವರ ಕಾಲದಲ್ಲೇ.

ನಿವೃತ್ತರಾದ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. 1964ರಲ್ಲಿ ಸೈಪ್ರಸ್ ಶಾಂತಿಪಡೆಯ ನಾಯಕತ್ವ ವಹಿಸಿದರು. ಅಲ್ಲಿ ಗ್ರೀಕ್ ಕ್ರೈಸ್ತರು, ತುರ್ಕಿ ಮುಸ್ಲಿಮರು ಎದುರುಬದುರು ಬಂದೂಕು ಹಿಡಿದಿದ್ದರು. ಇಬ್ಬರಿಗೂ ಹೊರಗಿನವರಾದ ತಿಮ್ಮಯ್ಯ ನಡುವೆ ನಿಂತರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಆ ಗೆಳೆಯರಿಬ್ಬರೂ ಇನ್ನೂ ಮಾತಾಡುತ್ತಿಲ್ಲ. ನಾಳೆ ಬಸ್ಸಿನಲ್ಲಿ ಅವರಿಬ್ಬರ ನಡುವೆ ಕೂರಬೇಕೆಂದಿದ್ದೇನೆ.