ಮೇರಿ ಆಂಡರ್ಸನ್ ಅವರ ವೈಪರು ಮತ್ತು ನನ್ನ ಏಳನೆಯ ಪಾಠ

ಬೋಧನಾಭ್ಯಾಸಕ್ಕಾಗಿ ನಾನು ಕಾರವಾರದಿಂದ ಅಂಕೋಲೆಯ ಒಂದು ಪ್ರೌಢಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಜುಲೈ ತಿಂಗಳ ಮಳೆ. ಬಿಣಗಾ ದಾಟಿದರೆ ಅಮದಳ್ಳಿ, ಅವರ್ಸಾವರೆಗೂ ಕಿಟಕಿಯ ಹೊರಗೆ ಸಮುದ್ರ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಮುಂದಿನ ಸೀಟು ಸಿಕ್ಕಿದ ದಿನ ನನ್ನ ಕಣ್ಣು ವೈಪರಿನ ಮೇಲೇ ಇರುತ್ತಿತ್ತು. ಅದು ಒಂದು ಸಲ ಹೋಗಿ ಬಂದಾಗ ರಸ್ತೆ ಕಾಣುತ್ತದೆ, ಮರುಕ್ಷಣ ಮಾಯವಾಗುತ್ತದೆ. ಎಂಟನೆಯ ತರಗತಿಗೆ ಘರ್ಷಣೆ ಘಟಕ ಬೋಧಿಸಬೇಕಾಗಿದ್ದ ನನಗೆ ಪೀಠಿಕೆ ಅಲ್ಲಿಯೇ ಸಿಕ್ಕಿತು.

ಇನ್ನೊಂದು ಸಂಗತಿಯೂ ಕೂಡಿಬಂತು. ಶಾಲೆಯ ದಾರಿಯಲ್ಲಿರುವ ಗ್ಯಾರೇಜಿನ ಮುಂದೆ ಆ ವಾರ ಒಂದು ಮೋಟಾರ್‌ಹೋಮ್ ನಿಂತಿತ್ತು. ಒಳಗೆ ಮಂಚ, ಒಲೆ, ನೀರಿನ ಟಾಕಿ ಎಲ್ಲ ಇರುವ, ಬಸ್ಸಿನಷ್ಟು ಎತ್ತರದ ಗಾಡಿ. ಗೋವೆಯ ಕಡೆ ಹೊರಟಿದ್ದ ದಂಪತಿಗಳು ವೈಪರು ಕೈಕೊಟ್ಟು ಅಲ್ಲೇ ಉಳಿದಿದ್ದರು. ಮೋಟಾರು ಸುಟ್ಟಿದೆ, ಹೊಸದು ತರಿಸಬೇಕು ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಮೇಸ್ತ್ರಿ ಮಾತ್ರ ಮೊದಲು ಸ್ವಿಚ್ ಹಾಕಿ ಕಿವಿಗೊಟ್ಟರು. ಮೋಟಾರಿನ ಸದ್ದು ಬರುತ್ತಿತ್ತು. ಅಂದಮೇಲೆ ಫ್ಯೂಸೂ ಸರಿಯಿದೆ, ಕರೆಂಟೂ ಹೋಗುತ್ತಿದೆ. ಅವರು ವೈಪರ್ ತೋಳಿನ ಬುಡದ ಮುಚ್ಚಳ ತೆಗೆದು ನೋಡಿದರು. ನಟ್ಟು ಸಡಿಲಾಗಿ, ತೋಳಿನೊಳಗಿನ ಸಣ್ಣ ಹಲ್ಲುಗಳು ಸವೆದಿದ್ದವು. ಒಳಗೆ ದಂಡ ತಿರುಗುತ್ತಿದೆ, ಹೊರಗೆ ತೋಳು ನಿಂತಲ್ಲೇ ನಿಂತಿದೆ. ತೋಳು ಬದಲಾಯಿಸಿ, ವೈಪರು ವಿರಮಿಸುವ ಜಾಗಕ್ಕೆ ಸರಿಯಾಗಿ ಕೂರಿಸಿ, ನಟ್ಟು ಬಿಗಿದರು.

ಇನ್ನೊಂದು ಬದಿಯ ವೈಪರು ಓಡುತ್ತಿತ್ತು, ಆದರೆ ಗಾಜಿನ ಮೇಲೆ ಗೆರೆ ಬಿಡುತ್ತಿತ್ತು. ಇಂಥ ಗಾಡಿ ವರ್ಷದಲ್ಲಿ ಬಹುಕಾಲ ಬಿಸಿಲಿನಲ್ಲಿ ಸುಮ್ಮನೆ ನಿಂತಿರುವುದರಿಂದ ರಬ್ಬರು ಗಟ್ಟಿಯಾಗುತ್ತದೆ, ಗಾಜು ಅಗಲವಾದ್ದರಿಂದ ಬ್ಲೇಡೂ ಉದ್ದ, ಸ್ಪ್ರಿಂಗಿನ ಒತ್ತಡ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ ಎಂದು ಅವರು ವಿವರಿಸಿದರು. ನಾನು ಟಿಪ್ಪಣಿ ಪುಸ್ತಕದಲ್ಲಿ ಮೂರು ಪ್ರಶ್ನೆ ಬರೆದುಕೊಂಡೆ. ಮೋಟಾರಿನ ಸದ್ದು ಬರುತ್ತದೆಯೇ? ಬರದಿದ್ದರೆ ಫ್ಯೂಸು, ಸ್ವಿಚ್ಚು, ತಂತಿ ನೋಡಬೇಕು. ಸದ್ದಿದ್ದೂ ತೋಳು ಅಲುಗದಿದ್ದರೆ ನಟ್ಟು ಮತ್ತು ಜೋಡಣೆಯ ಸರಳು. ತೋಳು ಅಲುಗಿದರೂ ನೀರು ಹೋಗದಿದ್ದರೆ ರಬ್ಬರು, ಸ್ಪ್ರಿಂಗು, ಗಾಜಿನ ಮೇಲಿನ ಎಣ್ಣೆಯ ಪಸೆ.

ಈ ಪೀಠಿಕೆಗೆ ಪೂರಕವಾಗಿ ನಾನು ಆರಿಸಿಕೊಂಡದ್ದು ಮೇರಿ ಆಂಡರ್ಸನ್ ಅವರ ಜೀವನಕಥೆ. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲಿ ಎಂದು ಅದನ್ನು ಇಲ್ಲಿ ಕೊಡುತ್ತಿದ್ದೇನೆ. ತರಗತಿಯಲ್ಲಿ ನಾನು ಎಡವಿದ್ದೆಲ್ಲಿ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೇರಿ ಹುಟ್ಟಿದ್ದು 1866ರ ಫೆಬ್ರವರಿ 19ರಂದು, ಅಮೆರಿಕದ ಅಲಬಾಮಾ ರಾಜ್ಯದ ಗ್ರೀನ್ ಕೌಂಟಿಯಲ್ಲಿ. ಅಲ್ಲಿನ ಅಂತರ್ಯುದ್ಧ ಮುಗಿದು ಒಂದು ವರ್ಷವೂ ತುಂಬಿರಲಿಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ, 1870ರಲ್ಲಿ, ತಂದೆ ತೀರಿಕೊಂಡರು. ಆಸ್ತಿಯಿಂದ ಬರುವ ಹುಟ್ಟುವಳಿಯಲ್ಲಿ ತಾಯಿ ಮಕ್ಕಳನ್ನು ಬೆಳೆಸಿದರು. 1889ರಲ್ಲಿ ತಾಯಿ ಮತ್ತು ಅಕ್ಕತಂಗಿಯರು ಆಗ ಬೆಳೆಯುತ್ತಿದ್ದ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದರು. ಅಲ್ಲಿ ಮೇರಿ ಫೇರ್‌ಮಾಂಟ್ ಎಂಬ ಬಾಡಿಗೆ ಮನೆಗಳ ಕಟ್ಟಡ ಕಟ್ಟಿಸಿದರು. 1893ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊಗೆ ಹೋಗಿ, 1898ರವರೆಗೆ ದನದ ಫಾರ್ಮು ಮತ್ತು ದ್ರಾಕ್ಷಿ ತೋಟ ನೋಡಿಕೊಂಡರು. ನಂತರ ಬರ್ಮಿಂಗ್‌ಹ್ಯಾಮಿಗೆ ಮರಳಿದರು. ಇಷ್ಟರಲ್ಲಿ ಎಲ್ಲಿಯೂ ಎಂಜಿನಿಯರಿಂಗ್ ಓದು ಇಲ್ಲ, ಕಾರ್ಖಾನೆಯ ಕೆಲಸ ಇಲ್ಲ. ಲೆಕ್ಕಪತ್ರ ನೋಡಬಲ್ಲ, ಕಟ್ಟಡ ಕಟ್ಟಿಸಬಲ್ಲ, ಆಳುಗಳಿಂದ ಕೆಲಸ ತೆಗೆಸಬಲ್ಲ ಒಬ್ಬ ಹೆಂಗಸು, ಅಷ್ಟೆ.

1902–03ರ ಚಳಿಗಾಲದಲ್ಲಿ ಅವರು ನ್ಯೂಯಾರ್ಕ್ ನೋಡಲು ಹೋದರು. ಹಿಮ ಬೆರೆತ ಮಳೆ ಬೀಳುತ್ತಿದ್ದಾಗ ಟ್ರಾಮಿನಲ್ಲಿ ಪ್ರಯಾಣ ಮಾಡಿದರಂತೆ. ಗಾಜಿನ ಮೇಲೆ ಹಿಮ ಹೆಪ್ಪುಗಟ್ಟಿ ದಾರಿ ಕಾಣದಿದ್ದರಿಂದ ಚಾಲಕ ಮುಂದಿನ ಕಿಟಕಿಯನ್ನೇ ತೆರೆದಿಟ್ಟು ಓಡಿಸುತ್ತಿದ್ದನಂತೆ. ಚಳಿಗಾಳಿ ಚಾಲಕನ ಮುಖಕ್ಕೂ ಬಡಿಯುತ್ತಿತ್ತು, ಪ್ರಯಾಣಿಕರಿಗೂ ಬಡಿಯುತ್ತಿತ್ತು. ಆ ಊರಿನವರಿಗೆ ಇದು ವರ್ಷವರ್ಷದ ಪಾಡು, ಸಹಿಸಿಕೊಂಡು ಅಭ್ಯಾಸವಾಗಿತ್ತು. ಹೊರಗಿನಿಂದ ಬಂದ ಮೇರಿ ಅವರಿಗೆ ಮಾತ್ರ ಅದು ಬಗೆಹರಿಸಬಹುದಾದ ತೊಂದರೆಯಾಗಿ ಕಂಡಿತು.

ಬರ್ಮಿಂಗ್‌ಹ್ಯಾಮಿಗೆ ಹಿಂತಿರುಗಿದ ಮೇಲೆ ವಿನ್ಯಾಸಕಾರರೊಬ್ಬರ ನೆರವಿನಿಂದ ನಕ್ಷೆ ಸಿದ್ಧಪಡಿಸಿ, ಸ್ಥಳೀಯ ಕಂಪನಿಯೊಂದರಿಂದ ಮಾದರಿ ಮಾಡಿಸಿದರು. ಸಾಧನ ಸರಳವಾಗಿತ್ತು. ಗಾಡಿಯ ಒಳಗೆ ಚಾಲಕನ ಕೈಗೆ ಎಟುಕುವ ಒಂದು ಹಿಡಿಕೆ. ಹೊರಗೆ ಗಾಜಿನ ಮೇಲೆ ರಬ್ಬರಿನ ಪಟ್ಟಿ ಇರುವ ತೋಳು. ಹಿಡಿಕೆ ತಿರುಗಿಸಿದರೆ ತೋಳು ಗಾಜಿನ ಮೇಲೆ ಸರಿಯುತ್ತದೆ, ಸ್ಪ್ರಿಂಗು ಅದನ್ನು ಮರಳಿ ಎಳೆಯುತ್ತದೆ. ರಬ್ಬರು ಗಾಜಿಗೆ ಒತ್ತಿಕೊಂಡೇ ಇರಲೆಂದು ಒಂದು ಪ್ರತಿಭಾರ. ಚಳಿಗಾಲ ಕಳೆದ ಮೇಲೆ ಇಡೀ ಸಾಧನವನ್ನು ಕಳಚಿಡಬಹುದು. ಅಂಕೋಲೆಯ ಗ್ಯಾರೇಜಿನಲ್ಲಿ ನಾನು ಕಂಡ ತೋಳು, ಸ್ಪ್ರಿಂಗು, ರಬ್ಬರು ಮೂರೂ ಅದರಲ್ಲಿದ್ದವು. ಮೋಟಾರಿನ ಜಾಗದಲ್ಲಿ ಮನುಷ್ಯನ ಕೈ ಇತ್ತು.

1903ರ ಜೂನ್ 18ರಂದು ಅವರು ಪೇಟೆಂಟಿಗೆ ಅರ್ಜಿ ಹಾಕಿದರು. ಫೋರ್ಡ್ ಮೋಟಾರ್ ಕಂಪನಿ ಸ್ಥಾಪನೆಯಾದದ್ದು ಅದಕ್ಕೆ ಎರಡೇ ದಿನ ಮೊದಲು, ಜೂನ್ 16ರಂದು. ಕಾರು ಇನ್ನೂ ಕೆಲವೇ ಉಳ್ಳವರ ಸೊತ್ತಾಗಿದ್ದ ಕಾಲ. ನವೆಂಬರ್ 10ರಂದು 7,43,801ನೆಯ ಸಂಖ್ಯೆಯ ಪೇಟೆಂಟು ಅವರ ಹೆಸರಿಗೆ ಬಂತು. ಅವಧಿ 17 ವರ್ಷ. ಆಗ ಅವರ ವಯಸ್ಸು 37.

ಇಲ್ಲಿ ಒಂದು ಎಚ್ಚರಿಕೆ. ವೈಪರನ್ನು ಜಗತ್ತಿನಲ್ಲಿ ಯೋಚಿಸಿದವರು ಇವರೊಬ್ಬರೇ ಎಂದು ಮಕ್ಕಳಿಗೆ ಹೇಳಬಾರದು. ಅದೇ 1903ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಡಗ್ಲಸ್ ಎಂಬವರು ರೈಲು ಎಂಜಿನ್ನಿನ ಕಿಟಕಿ ಒರೆಸುವ ಸಾಧನಕ್ಕೂ, ಬ್ರಿಟನ್ನಿನಲ್ಲಿ ಜೇಮ್ಸ್ ಹೆನ್ರಿ ಆ್ಯಪ್‌ಜಾನ್ ಎಂಬವರು ಮೇಲೆ ಕೆಳಗೆ ಚಲಿಸುವ ಬ್ರಷ್ಷುಗಳಿಗೂ ಪೇಟೆಂಟ್ ಕೋರಿದ್ದರು. ಒಂದೇ ತೊಂದರೆ ಹಲವು ಕಡೆ ಹಲವರನ್ನು ಕಾಡುತ್ತಿತ್ತು. ಅವರಲ್ಲಿ ಮೇರಿ ಅವರದು ಕೆಲಸ ಮಾಡುವ, ಬಳಸಲು ಸುಲಭವಾದ ಸಾಧನ ಎಂದು ಹೇಳಿದರೆ ಸಾಕು.

ಪೇಟೆಂಟು ಸಿಕ್ಕಿತು, ಕೊಳ್ಳುವವರು ಸಿಗಲಿಲ್ಲ. 1905ರಲ್ಲಿ ಅವರು ಹಕ್ಕನ್ನು ಮಾರಲು ಕೆನಡಾದ ಮಾಂಟ್ರಿಯಲ್ ನಗರದ ಒಂದು ಸಂಸ್ಥೆಗೆ ಬರೆದರು. ಮಾರಾಟಕ್ಕೆ ಯೋಗ್ಯವಾಗುವಷ್ಟು ವ್ಯಾಪಾರೀ ಮೌಲ್ಯ ಇದಕ್ಕಿಲ್ಲ ಎಂಬ ಅರ್ಥದ ಉತ್ತರ ಬಂತು. ಗಾಜಿನ ಮೇಲೆ ತೋಳು ಓಡಾಡಿದರೆ ಚಾಲಕನ ಗಮನ ತಪ್ಪುತ್ತದೆ ಎಂಬ ಆಕ್ಷೇಪವೂ ಆಗ ಇತ್ತೆಂದು ಹೇಳುತ್ತಾರೆ. ಮೇರಿ ಪೇಟೆಂಟನ್ನು ಬದಿಗಿಟ್ಟು ತಮ್ಮ ಬಾಡಿಗೆ ಮನೆಗಳ ವ್ಯವಹಾರ ನೋಡಿಕೊಂಡರು.

1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು, ಕಾರುಗಳು ಬೀದಿ ತುಂಬಿದವು. 1917ರಲ್ಲಿ ಷಾರ್ಲಟ್ ಬ್ರಿಜ್‌ವುಡ್ ಎಂಬ ಇನ್ನೊಬ್ಬ ಮಹಿಳೆ ವಿದ್ಯುತ್ತಿನಿಂದ ನಡೆಯುವ ಗಾಜು ಒರೆಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಅವರಿಗೂ ಅದರಿಂದ ಹಣ ಬರಲಿಲ್ಲ. 1920ರಲ್ಲಿ ಮೇರಿ ಅವರ ಪೇಟೆಂಟಿನ ಅವಧಿ ಮುಗಿಯಿತು. ಅಮೆರಿಕದ ಮಹಿಳೆಯರಿಗೆ ದೇಶದ ಸಂವಿಧಾನದ ಮೂಲಕ ಮತದಾನದ ಹಕ್ಕು ಬಂದದ್ದೂ ಅದೇ ವರ್ಷ. ಎರಡು ವರ್ಷಗಳ ನಂತರ, 1922ರಲ್ಲಿ, ಕ್ಯಾಡಿಲಾಕ್ ಕಂಪನಿ ತನ್ನ ಕಾರುಗಳಿಗೆಲ್ಲ ವೈಪರನ್ನು ಕಡ್ಡಾಯವಾಗಿ ಅಳವಡಿಸತೊಡಗಿತು. ಅಷ್ಟರಲ್ಲಿ ಯಾರು ಬೇಕಾದರೂ ಅದನ್ನು ಪುಕ್ಕಟೆ ಮಾಡಿಕೊಳ್ಳಬಹುದಾಗಿತ್ತು.

ಮೇರಿ ಅದಾದ ಮೇಲೂ 30 ವರ್ಷ ಬದುಕಿದ್ದರು. ತಾವು ಅರ್ಜಿ ಹಾಕಿದ್ದಂಥ ವಸ್ತು ಇಲ್ಲದ ಕಾರು ರಸ್ತೆಯಲ್ಲಿ ಇಲ್ಲ ಎನ್ನುವ ದಿನಗಳನ್ನು ನೋಡಿದರು. ಫೇರ್‌ಮಾಂಟ್ ಕಟ್ಟಡವನ್ನು ಕೊನೆಯವರೆಗೂ ನಡೆಸಿದರು. 1953ರ ಜೂನ್ 27ರಂದು, ಟೆನೆಸಿ ರಾಜ್ಯದ ಮಾಂಟೀಗಲ್‌ನಲ್ಲಿದ್ದ ಬೇಸಿಗೆ ಮನೆಯಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿದ್ದು 2011ರಲ್ಲಿ.

ಇನ್ನು ನನ್ನ ಪಾಠದ ವಿಷಯ. ಎ ವಿಭಾಗದಲ್ಲಿ ಈ ಕಥೆಯನ್ನು ಪೇಟೆಂಟಿನವರೆಗೆ ವಿವರವಾಗಿ ಹೇಳಿದೆ. 1905ರಿಂದ ಮುಂದಿನದನ್ನು ಒಂದೇ ವಾಕ್ಯದಲ್ಲಿ ದಾಟಿಸಿ, ಇಂದು ಎಲ್ಲ ಗಾಡಿಗಳಲ್ಲೂ ವೈಪರು ಇದೆ ಎಂದು ಮುಗಿಸಿದೆ. ಕಪ್ಪುಹಲಗೆಯ ಸಾರಾಂಶದಲ್ಲಿ ಕೊನೆಯ ಅಂಶವಾಗಿ, ಪ್ರಯತ್ನಕ್ಕೆ ಫಲ ಇದ್ದೇ ಇದೆ ಎಂದು ಬರೆದೆ. ಮೌಲ್ಯಮಾಪನದ ಪ್ರಶ್ನೆಗೆ ಹೋಗುವ ಮೊದಲೇ ಮೂರನೆಯ ಬೆಂಚಿನ ಹುಡುಗಿ ಎದ್ದು ನಿಂತು, ಅಕ್ಕೋರೆ, ಅವರಿಗೆ ಎಷ್ಟು ದುಡ್ಡು ಬಂತು ಎಂದು ಕೇಳಿದಳು. ಏನೂ ಬರಲಿಲ್ಲ ಎಂದೆ. ಅವಳು ಹಲಗೆಯ ಕೊನೆಯ ಸಾಲನ್ನೇ ನೋಡುತ್ತ ಕುಳಿತಳು. ಅವಳ ಅಪ್ಪ ಲಾರಿ ಚಾಲಕ. ಮಳೆಯಲ್ಲಿ ವೈಪರು ನಿಂತರೆ ಅಪ್ಪ ಗಾಜಿಗೆ ತಂಬಾಕು ಉಜ್ಜುತ್ತಾನೆ, ಆಗ ನೀರು ಹನಿಹನಿಯಾಗಿ ನಿಲ್ಲದೆ ಹರಡಿ ಇಳಿದುಹೋಗುತ್ತದೆ ಎಂದು ಪೀಠಿಕೆಯ ಹೊತ್ತಿಗೆ ಹೇಳಿದವಳು ಅವಳೇ. ದುಡಿಮೆಗೂ ಸಿಗುವ ಫಲಕ್ಕೂ ಇರುವ ಅಂತರ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಮುಂದೆ ತರಗತಿ ಕಳೆಗುಂದಿತು. ಮಕ್ಕಳು ದಣಿದಿದ್ದಾರೆ, ಕೊನೆಯ ಅವಧಿ, ಮಳೆಯ ಸದ್ದು ಎಂದು ನಾನು ಕಾರಣ ಹೇಳಿಕೊಂಡೆ. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಬೇರೆ. ಉದ್ದೇಶ ಚೆನ್ನಾಗಿದೆ, ಕಥೆ ಚೆನ್ನಾಗಿದೆ, ಎರಡರ ನಡುವೆ ಜೋಡಣೆ ಇಲ್ಲ ಎಂಬುದು ಅದರ ಸಾರ. ಓದಿದಾಗ ಗ್ಯಾರೇಜಿನ ಸಡಿಲ ನಟ್ಟು ನೆನಪಾಯಿತು. ಆ ದಂಪತಿಗಳಂತೆ ನಾನೂ ಮೋಟಾರನ್ನೇ ದೂರುತ್ತಿದ್ದೆ.

ಎರಡು ದಿನಗಳ ನಂತರ ಬಿ ವಿಭಾಗಕ್ಕೆ ಅದೇ ಪಾಠವನ್ನು ತಿದ್ದಿಕೊಂಡು ಹೋದೆ. ಗ್ಯಾರೇಜಿನಿಂದ ಬೇಡಿ ತಂದ ಹಳೆಯ ಬ್ಲೇಡು, ಒಂದು ಗಾಜಿನ ಹಲಗೆ, ಒಂದು ಚೊಂಬು ನೀರು ಬೋಧನೋಪಕರಣಗಳಾದವು. ಒಣ ಗಾಜಿನ ಮೇಲೆ ರಬ್ಬರು ಕಿರುಗುಟ್ಟುವುದು, ಒದ್ದೆ ಗಾಜಿನ ಮೇಲೆ ಜಾರುವುದು, ಮೆಲ್ಲಗೆ ಒತ್ತಿದರೆ ಗೆರೆ ಬಿಡುವುದು, ಇವನ್ನು ಮಕ್ಕಳೇ ಮಾಡಿ ನೋಡಿದರು. ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು, ಕೆಟ್ಟ ವೈಪರಿನ ದೋಷ ಹುಡುಕುವ ಕ್ರಮವನ್ನು ಅವರಿಂದಲೇ ಹೇಳಿಸಿದೆ.

ಕಥೆಯನ್ನು ಈ ಸಲ ಕೊನೆಯವರೆಗೂ ಹೇಳಿದೆ. ಮಾಂಟ್ರಿಯಲ್‌ನ ಉತ್ತರವನ್ನೂ, 1920ನ್ನೂ, ಬಾಡಿಗೆ ಮನೆಗಳನ್ನೂ ಬಿಡಲಿಲ್ಲ. ಸಾರಾಂಶದಲ್ಲಿ ನೀತಿವಾಕ್ಯ ಬರೆಯಲಿಲ್ಲ. ಬದಲಿಗೆ ಮನೆಗೆಲಸ ಕೊಟ್ಟೆ: ನಿಮ್ಮ ಮನೆಯವರು ದಿನವೂ ಸಹಿಸಿಕೊಳ್ಳುವ, ಆದರೆ ತೊಂದರೆ ಎಂದು ಯಾರೂ ಹೇಳದ ಒಂದು ವಿಷಯವನ್ನು ಗಮನಿಸಿ ಬರೆಯಿರಿ. ಅದೇ ಮನೆಗೆಲಸವನ್ನು ಎ ವಿಭಾಗಕ್ಕೂ ಕೊಟ್ಟು, ಹಿಂದಿನ ಪಾಠದ ಕೊನೆಯ ಸಾಲನ್ನು ಪುಸ್ತಕದಲ್ಲಿ ಹೊಡೆದುಹಾಕಲು ಹೇಳಿದೆ.

ಮರುದಿನ ಬಂದ ಉತ್ತರಗಳಲ್ಲಿ ಸೋರುವ ಹಂಚು, ಮಳೆಗಾಲದಲ್ಲಿ ಒಣಗದ ಸಮವಸ್ತ್ರ, ಹೊಗೆ ಹೋಗದ ಬಚ್ಚಲ ಒಲೆ ಇದ್ದವು. ಮೂರನೆಯ ಬೆಂಚಿನ ಹುಡುಗಿ, ರಾತ್ರಿ ಲಾರಿ ಬರುವವರೆಗೆ ಅವ್ವ ನಿದ್ದೆ ಮಾಡುವುದಿಲ್ಲ ಎಂದು ಬರೆದಿದ್ದಳು. ಅದಕ್ಕೆ ಸರಿ ಗುರುತು ಹಾಕುವುದೋ ಬೇಡವೋ ತಿಳಿಯದೆ, ಓದಿದ್ದೇನೆ ಎಂದು ಬರೆದು ಸಹಿ ಮಾಡಿದೆ.